ಮಾದರಿ, ಮಾರಾಟಕ್ಕಲ್ಲ

ರಾಸ್ ಅಲ್ ಖೈಮಾದ ಗೋದಾಮಿನಲ್ಲಿ ನನಗೆ
ಫ್ರಾನ್ಸ್ ಅಂದರೆ ಪೆಟ್ಟಿಗೆಯ ಪಕ್ಕೆಯ ಮೇಲಿನ ಅಕ್ಷರ.
ಮಿನರ್ವುವಾ, ಕೋರ್ಬಿಯೇರ್, ಗಾಯಾಕ್, ಫಿತೂ,
ಕೆಳಗಿನ ಸಾಲು, ಅಗ್ಗದ ಮಾಲು.
ದುಬಾರಿಯವು ತಂಪಿನ ಕೋಣೆಯಲ್ಲಿ ಮಲಗಿರುತ್ತವೆ;
ಇವು ನಿಂತೇ ಇರುತ್ತವೆ, ನಮ್ಮ ಹಾಗೆ.

ಮೇ ತಿಂಗಳು, ಮಧ್ಯಾಹ್ನ ಎರಡು ಗಂಟೆ.
ಗಾಲಿ ಮುರಿದ ಸೂಟ್‌ಕೇಸ್ ಎಳಕೊಂಡು ಬಂದಳು
ಮದಾಮ್ ಕಸ್ತಾನ್ಯೆ. ವಯಸ್ಸು ಅರವತ್ತರ ಮೇಲೆ.
ಖರೀದಿ ಮ್ಯಾನೇಜರು ಏಳು ನಿಮಿಷ ಕೊಟ್ಟಿದ್ದನಂತೆ,
ಲೇಬಲ್ಲು ಹಳೇದು, ಹೆಸರು ಬಾಯಿಗೆ ಬರೋದಿಲ್ಲ ಅಂದನಂತೆ.
ಆರು ಬಾಟಲಿ ವಾಪಸ್ ಒಯ್ಯೋ ತಾಕತ್ತಿಲ್ಲ,
ಇಲ್ಲೇ ಇಳಿಸಿಕೊಳ್ಳಿ ಅಂದಳು.

ರಿಜಿಸ್ಟರಿನಲ್ಲಿ ಬರಕೊಂಡೆ:
ಮಾದರಿ, ಆರು. ಮಾರಾಟಕ್ಕಲ್ಲ.

ಸಹಿಗೆ ಪೆನ್ನು ಕೊಡುವಾಗ ನೋಡಿದೆ,
ಎಡಗೈ ಹೆಬ್ಬೆರಳ ಬುಡದಲ್ಲಿ ಓರೆ ಗಾಯದ ಗುರುತು.
ನನಗೂ ಇದೆ. ಕತ್ತರಿಯದು,
ತಿಕೋಟಾದಲ್ಲಿ, ಅಕ್ಟೋಬರ್ ಚಾಟ್ನಿಯಲ್ಲಿ,
ಹದಿನಾಲ್ಕನೇ ವಯಸ್ಸಿಗೆ ಆದದ್ದು.
ತೋರಿಸಿದೆ. ಅವಳು ನನ್ನ ಬೆರಳು ಹಿಡಿದು ತಿರುಗಿಸಿ
ಸಂತೆಯಲ್ಲಿ ಎತ್ತಿನ ಹಲ್ಲು ಎಣಿಸೋರ ಹಾಗೆ ನೋಡಿದಳು.
ಆಮೇಲೆ ಏನೂ ಕೇಳದೆ ಬಿರಡೆ ತೆಗೆದಳು.

ಚಹಾದ ಸ್ಟೀಲ್ ಲೋಟ. ಉಗುಳಲಿಕ್ಕೆ ಬಣ್ಣದ ಖಾಲಿ ಡಬ್ಬಿ.
ಮೊದಲನೇದು ಬರೇ ಹುಳಿ. ಹಾಗಂತ ಹೇಳಿದೆ; ಹೌದು ಅಂದಳು,
ಆ ವರ್ಷ ಮಳೆ ಕೊಯ್ಲಿಗೇ ಬಂತು.
ಎರಡನೇದರಂಥದಕ್ಕೆ ತಿಳಿದವರು ಏನೇನೋ ಹಣ್ಣಿನ ಹೆಸರು ಹೇಳ್ತಾರೆ,
ನಾ ಕಾಣದ ಹಣ್ಣು. ನನ್ನ ನಾಲಿಗೆಗೆ ಸಿಕ್ಕದ್ದು
ಕವಳಿಹಣ್ಣು, ಹುಣಸಿ ಬೊಟ್ಟು, ಕುಸುಬಿ ಗಾಣದ ಬಾಗಿಲು.
ಮೂರನೇದನ್ನು ಉಗುಳಲಿಲ್ಲ.

ಏನು ಸಿಕ್ಕಿತು ಅಂತ ಕೇಳಿದಳು. ಇಂಗ್ಲಿಷು ಇಬ್ಬರದೂ ಕುಂಟು.
ಒಣದ್ರಾಕ್ಷಿ ಶೆಡ್ಡು, ರಾತ್ರಿ ಕಾವಲು, ಅಣ್ಣನ ಬೀಡಿ...
ಎಷ್ಟು ದಾಟಿತೋ ಏನೋ.
ಕರಿಞ್ಯಾಂ, ಅಂದಳು. ನನ್ನಜ್ಜ ಹಚ್ಚಿದ್ದು.

ಬಾಗಿಲ ಬಳಿ ಶೇರ್ ಗುಲ್ ನಿಂತಿದ್ದ, ಲಾರಿಯವನು,
ಕಂದಹಾರದ ಆಚೆಯವನು. ಅವನಪ್ಪನದೂ ದ್ರಾಕ್ಷಿಯೇ:
ತೂತು ತೂತಿನ ಮಣ್ಣಿನ ಮನೆಯಲ್ಲಿ ಗೊಂಚಲು ತೂಗಿಬಿಟ್ಟು
ಗಾಳಿಗೆ ಒಣಗಿಸುವವರು.
ಈ ಪೆಟ್ಟಿಗೆಗಳನ್ನು ಅವನು ಮುಟ್ಟುವುದಿಲ್ಲ,
ನೀರಿನ ಲೋಡು, ಅಕ್ಕಿಯ ಲೋಡು ಮಾತ್ರ.
ದೂರದಿಂದಲೇ, ಒಂದು ಮಾತು ಕೇಳು ಅಂದ:
ಬಳ್ಳಿಗೆ ನೀರು ಎಷ್ಟು ದಿನಕ್ಕೊಮ್ಮೆ?

ಕೊಡೋದೇ ಇಲ್ಲ, ಅಂದಳು.

ನಾವಿಬ್ಬರೂ ಮುಖ ಮುಖ ನೋಡಿಕೊಂಡೆವು.
ಸುಳ್ಳು, ಅಂದ ಶೇರ್ ಗುಲ್, ಹಿಂದಿಯಲ್ಲಿ.
ನನಗೂ ಸುಳ್ಳೆನಿಸಿತು. ಡ್ರಿಪ್ ಪೈಪು, ಬೋರು, ಟ್ಯಾಂಕರು
ಇಲ್ಲದ ದ್ರಾಕ್ಷಿಯನ್ನು ನಾನು ಕಂಡವನಲ್ಲ.
ಅವಳು ಪೆಟ್ಟಿಗೆಯ ಮುಚ್ಚಳ ಹರಿದು ಗೀಚಿದಳು:
ಸ್ಟೇಷನ್ನು, ಸಿಮೆಂಟಿನ ತೊಟ್ಟಿ, ನಾಯಿ, ಕಲ್ಲುಹೊಲ,
ಹೊಲದ ಕೆಳಗೆ ಬೇರು. ರಟ್ಟು ಮುಗಿದರೂ ಬೇರು ಮುಗಿಯದೆ
ಗೆರೆ ಮೇಜಿನ ಮೇಲೂ ಬಂತು.
ಬನ್ನಿ, ನೋಡಿ ಹೋಗಿ, ಅಂದಳು. ಇಬ್ಬರೂ.
ಶೇರ್ ಗುಲ್ ನಕ್ಕ. ನಮ್ಮ ವೀಸಾದ ಕತೆಯನ್ನು
ಅವಳಿಗೆ ಬಿಡಿಸಿ ಹೇಳುವ ಗೋಜಿಗೆ ನಾನು ಹೋಗಲಿಲ್ಲ.

ಟ್ಯಾಕ್ಸಿಗೆ ಸೂಟ್‌ಕೇಸ್ ಎತ್ತಿಕೊಟ್ಟೆ. ಹಗುರಿತ್ತು.

ಮೂರನೇ ಬಾಟಲಿಯಲ್ಲಿ ಉಳಿದದ್ದನ್ನು ರೂಮಿನ ಕಿಟಕಿಯಲ್ಲಿಟ್ಟು
ಮರೆತೆ. ಬಿರಡೆ ಸಡಿಲು, ಎಸಿ ಕೆಟ್ಟ ರೂಮು,
ಜೂನ್ ಹೋಯಿತು, ಜುಲೈ ಹೋಯಿತು.
ಒಂದಿನ ಮೂಸಿದರೆ ಮೂಗು ಚುರ್ ಅಂತು.
ಉಳ್ಳಾಗಡ್ಡಿ ಹೆಚ್ಚಿ, ಉಪ್ಪು ಉದುರಿಸಿ, ಅದನ್ನೇ ಸುರಿದು
ಖಬೂಸ್ ಮುರಿಯುತ್ತ ಕೂತಾಗ ಬಂದ ಶೇರ್ ಗುಲ್.
ಯಾವುದಿದು? ಅವಳದೇ. ಬಗ್ಗಿ ಮೂಸಿದ, ಮತ್ತೆ ಮೂಸಿದ.
ಸಿರ್ಕಾ ಆಗಿದೆ, ತಾನಾಗೇ ಆಗಿದೆ, ಇನ್ನು ನಡೆಯುತ್ತೆ, ಅಂದು
ಗೋಡೆಗೊರಗಿ ಕೂತ. ಒಂದು ಹೋಳು ಬಾಯಿಗಿಟ್ಟು
ಬಹಳ ಹೊತ್ತು ಅಗಿದ.

ನಿಜ, ಅಂದ. ನೀರು ಹಾಕಿಲ್ಲ.